ವಿದ್ಯುತ್ ಹಾಲಿನ ಪಂಪು: ಕೊಳ್ಳುವ ಮುನ್ನ

ನಂದೊಳ್ಳಿಯಂತಹ ಗ್ರಾಮಗಳಲ್ಲಿ ಅಡಿಕೆ ಕೊಯ್ಲಿನ ಕಾಲದಲ್ಲಿ ಹಾಲೂಡಿಸುವ ತಾಯಿಯೂ ಕೆಲವು ತಾಸು ಮಗುವನ್ನು ಅಗಲಬೇಕಾಗುತ್ತದೆ. ಮೊದಲ 6 ತಿಂಗಳು ಮಗುವಿಗೆ ಎದೆಹಾಲೊಂದೇ ಸಾಕು, ನೀರೂ ಬೇಡ. ಆದುದರಿಂದ ಹಾಲನ್ನು ಮೊದಲೇ ತೆಗೆದಿಡುವುದು ಒಳ್ಳೆಯದು.

ದಿನವೂ ದೂರದ ಉದ್ಯೋಗಕ್ಕೆ ಹೋಗುವ ತಾಯಿಗೆ, ಚೀಪಲಾರದ ಎಳೆಗೂಸಿನ ತಾಯಿಗೆ ವಿದ್ಯುತ್ ಪಂಪು ಉಪಕಾರಿ. ಆದರೆ ಅದರ ಭಾಗಗಳನ್ನು ಪ್ರತಿಸಲವೂ ತೊಳೆದು ಒಣಗಿಸಬೇಕು. ಪಂಪಿಗೆ ಕಡಿಮೆ ಹಾಲು ಬಂದರೆ ಎದೆಯಲ್ಲಿ ಹಾಲಿಲ್ಲವೆಂದು ಭಾವಿಸಬಾರದು.

ಅಪರೂಪಕ್ಕೆ ಅಗಲುವವರಿಗೆ ಶುಚಿಯಾದ ಕೈಯೇ ಸಾಕು. ಹೆಬ್ಬೆರಳು, ತೋರುಬೆರಳುಗಳನ್ನು ಮೊಲೆತೊಟ್ಟಿನ ಸುತ್ತಲಿನ ಕಪ್ಪುಭಾಗದ ಅಂಚಿನಲ್ಲಿಟ್ಟು, ಒಳಮುಖವಾಗಿ ಒತ್ತಿ ಹಿಂಡಬೇಕು. ಮುಚ್ಚಿದ ಶುಚಿ ಬಟ್ಟಲಿನಲ್ಲಿ, ತಂಪಾದೆಡೆ ಇಟ್ಟು, 4 ತಾಸಿನೊಳಗೆ ಚಮಚದಿಂದ ಕುಡಿಸಿರಿ, ಸೀಸೆ ಬೇಡ.

ಪಂಪಿಗೆ ಹಣ ಹೊಂದಿಸುವ ಮೊದಲು, ಆಕೆಯ ಕೆಲಸವನ್ನು ತಾನೇ ವಹಿಸಿಕೊಳ್ಳಬಹುದೇ ಎಂದು ಪತಿಯು ಆಲೋಚಿಸಲಿ.