ಆತಂಕದ ನಡುವೆ ಶುಶ್ರೂಷೆ

ರೋಗಿಯ ನರಳಾಟ, ಬಂಧುಗಳ ಅಳಲು, ಕೆಲವೊಮ್ಮೆ ಮರಣ. ಇವುಗಳನ್ನು ಎಳೆಯ ಹರೆಯದಲ್ಲಿಯೇ ಕಣ್ಣಾರೆ ಕಾಣಬೇಕಾದವಳು ಶುಶ್ರೂಷೆ ಕಲಿಯುವ ವಿದ್ಯಾರ್ಥಿನಿ. ತನ್ನ ಕೈತಪ್ಪಿನಿಂದ ಒಂದು ಜೀವಕ್ಕೆ ಅಪಾಯವಾದೀತೆಂಬ ಅಂಜಿಕೆಯೂ ಅವಳನ್ನು ಬಿಡದು.

ಲಂಡನ್ನಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಈ ಆತಂಕವನ್ನು ಅಭ್ಯಸಿಸಿದ ಮನೋವಿಶ್ಲೇಷಕಿ ಇಸಬೆಲ್ ಮೆಂಜೀಸ್, 1960ರಲ್ಲಿ ತಾವು ಕಂಡುದನ್ನು ಪ್ರಕಟಿಸಿದರು. ಅಲ್ಲಿದ್ದ ಸುಮಾರು 700 ದಾದಿಯರಲ್ಲಿ ತರಬೇತಿ ಮುಗಿಸಿದವರು 150 ಮಂದಿ ಮಾತ್ರ, ಉಳಿದವರು ವಿದ್ಯಾರ್ಥಿನಿಯರು. ಒಬ್ಬೊಬ್ಬಳೂ ಅನೇಕ ರೋಗಿಗಳಿಗೆ ಒಂದೆರಡು ಕೆಲಸಗಳನ್ನಷ್ಟೇ ಮಾಡಿ ಮುಂದೆ ಸರಿಯಬೇಕು. ಹೆಚ್ಚು ಒಡನಾಡಿದರಲ್ಲವೇ ದುಃಖ! ರೋಗಿಗೆ ಹೆಸರೂ ಇರಲಿಲ್ಲ. ಅವನು 'ಹತ್ತನೆಯ ಹಾಸಿಗೆಯ ಯಕೃತ್ತು'. ನಿದ್ರಿಸಿದ್ದರೆ ಒಳಿತಾಗುವವನನ್ನೂ ನಿಯಮವೆಂದು ಎಬ್ಬಿಸುತ್ತಿದ್ದರು.

ಈ ಏರ್ಪಾಡಿನಿಂದ ಆತಂಕ ಕರಗಲಿಲ್ಲ, ಮರೆಯಾಯಿತು ಅಷ್ಟೆ. ಒಬ್ಬ ರೋಗಿಯನ್ನು ಗುಣಪಡಿಸಿ ಕಳುಹಿಸಿದೆನೆಂಬ ತೃಪ್ತಿಯೂ ದಾದಿಗೆ ದಕ್ಕಲಿಲ್ಲ. ವಿದ್ಯಾರ್ಥಿನಿಯರಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ತರಬೇತಿಯನ್ನು ಮುಗಿಸಲಿಲ್ಲ. ಅವರಲ್ಲಿ ಬಹುಮಂದಿ ತಾವಾಗಿಯೇ ಹೊರಟುಹೋದವರು.

ಇಂದು ಹಲವು ಶುಶ್ರೂಷಾ ಶಾಲೆಗಳಲ್ಲಿ ಸೂಜಿಮದ್ದು ಕೊಡುವುದನ್ನು ಮೊದಲು ಗೊಂಬೆಯ ಮೇಲೆ ಅಭ್ಯಾಸ ಮಾಡಿಸುತ್ತಾರೆ. ಪರಿಚಿತವಾದ ಕೆಲಸಕ್ಕೆ ಕೈ ಅಷ್ಟಾಗಿ ನಡುಗುವುದಿಲ್ಲ. ನಡುಗಿದಾಗ ಅರೆಗಳಿಗೆ ನಿಂತು ನಿಧಾನವಾಗಿ ಉಸಿರಾಡುವುದೂ ಒಂದು ಅಭ್ಯಾಸವೇ. ಇವೆಲ್ಲಕ್ಕಿಂತ ಮಿಗಿಲಾದುದು ಹಿರಿಯರ ಕಿವಿ. ವಾರ್ಡಿನಲ್ಲಿ ಸಾವು ಸಂಭವಿಸಿದ ದಿನ ಹಿರಿಯ ದಾದಿಯೊಬ್ಬಳು ವಿದ್ಯಾರ್ಥಿನಿಯನ್ನು ಬಳಿ ಕೂರಿಸಿಕೊಂಡು, ಅವಳು ಕಂಡುದನ್ನು ಅವಳ ಬಾಯಿಂದಲೇ ಹೇಳಿಸಿ ಕೇಳಿದರೆ, ಮರುದಿನ ಅದೇ ವಾರ್ಡಿನ ಹೊಸ್ತಿಲು ದಾಟಲು ಆ ಹುಡುಗಿಗೆ ಧೈರ್ಯ ಬರುತ್ತದೆ.