ಬಿಳಿ ಕೋಟಿನೊಳಗಿನ ದಣಿವು



ಜನ್ನಾಪುರದಿಂದ ಬಸ್ಸು ಹತ್ತಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಬಂದವರು ನಮ್ಮಲ್ಲಿ ಬಹಳ ಮಂದಿ. 2007ರಲ್ಲಿ ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು (ಸಿಮ್ಸ್) ಆರಂಭವಾದ ಮೇಲೆ ಕೊರಳಿಗೆ ಸ್ಟೆತಸ್ಕೋಪ್ ಹಾಕಿಕೊಂಡ ಹುಡುಗ ಹುಡುಗಿಯರನ್ನು ವಾರ್ಡುಗಳಲ್ಲಿ ನೋಡುತ್ತಿದ್ದೇವೆ. ನಾಲ್ಕೂವರೆ ವರ್ಷ ಓದು, ಆಮೇಲೆ ಒಂದು ವರ್ಷ ಹೌಸ್ ಸರ್ಜನ್ ಕೆಲಸ. "ಮಗಳಿಗೆ ಮೆಡಿಕಲ್ ಸೀಟು ಸಿಕ್ತು" ಅಂತ ಊರಿಗೆಲ್ಲ ಹೇಳ್ತೀವಿ. ಅವಳು ನಿದ್ದೆ ಮಾಡಿದಳೋ ಇಲ್ಲವೋ ಕೇಳುವವರು ಯಾರು?

ಬಿಡುವಿಲ್ಲದ ಒತ್ತಡದಿಂದ ಬರುವ ಈ ದಣಿವಿಗೆ ಬರ್ನ್‌ಔಟ್ ಎನ್ನುತ್ತಾರೆ. ಭಾನುವಾರ ಮಲಗಿ ಎದ್ದರೆ ಹೋಗುವ ಸುಸ್ತಲ್ಲ ಇದು. ಮನಸ್ಸು ಬರಿದಾಗುತ್ತದೆ. ಎದುರಿಗಿರುವ ಅಜ್ಜಿ ಅಜ್ಜಿಯಾಗಿ ಕಾಣದೆ 'ಹನ್ನೆರಡನೇ ಬೆಡ್ಡು' ಆಗಿಬಿಡುತ್ತಾಳೆ. "ನನ್ನಿಂದ ಏನೂ ಆಗಲ್ಲ" ಅನ್ನಿಸತೊಡಗುತ್ತದೆ.

ನಡತೆಯೂ ಕೆಡುತ್ತದೆ. ಅಮೆರಿಕದ ಏಳು ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳನ್ನು ಕೇಳಿ ಮಾಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಬರ್ನ್‌ಔಟ್ ಇತ್ತು. ಅಂಥವರಲ್ಲಿ 100ಕ್ಕೆ 35 ಮಂದಿ, ಉಳಿದವರಲ್ಲಿ 22 ಮಂದಿ ತಪ್ಪು ನಡತೆಯನ್ನು ಒಪ್ಪಿಕೊಂಡರು. ಪರೀಕ್ಷೆಯಲ್ಲಿ ಕಾಪಿ ಹೊಡೆದವರು ಕಡಿಮೆ. ರೋಗಿಯನ್ನು ತಪಾಸಣೆ ಮಾಡದೆಯೇ 'ಸರಿಯಿದೆ' ಎಂದು ಬರೆಯುವಂಥ ತಪ್ಪುಗಳೇ ಹೆಚ್ಚು. ಅಲ್ಲಿಗೆ ಈ ದಣಿವು ನಮ್ಮ ಮೈಗೂ ಬಂತಲ್ಲ! ಹಾಗಂತ ರೇಗುವ ಡಾಕ್ಟರನ್ನೆಲ್ಲ ಪಾಪ ಎನ್ನಬೇಕಿಲ್ಲ.

ನಮ್ಮ ದೇಶದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವರದಿ ಕೊಟ್ಟಿತು. ಉತ್ತರಿಸಿದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಲ್ಲಿ 100ಕ್ಕೆ ಸುಮಾರು 28 ಮಂದಿ ತಮಗೆ ಮಾನಸಿಕ ತೊಂದರೆ ಇದೆ ಎಂದಿದ್ದರು. ರೆಸಿಡೆಂಟ್ ವೈದ್ಯರಿಗೆ ವಾರಕ್ಕೆ 74 ಗಂಟೆಗಿಂತ ಹೆಚ್ಚು ಕೆಲಸ ಬೇಡ, ವಾರಕ್ಕೊಂದು ರಜೆ ಕೊಡಿ ಎಂದು ಅದು ಶಿಫಾರಸು ಮಾಡಿತು. ಲೆಕ್ಕ ಹಾಕಿ ನೋಡಿ: ಆರು ದಿನ, ದಿನಕ್ಕೆ 12 ಗಂಟೆಗೂ ಮಿಕ್ಕಿ. ಮಿತಿಯೇ ಇಷ್ಟು!

ಹಾಸ್ಟೆಲಿನಿಂದ ಮಕ್ಕಳು ಫೋನ್ ಮಾಡಿದಾಗ ಮಾರ್ಕ್ಸ್ ಕೇಳುವ ಮೊದಲು ಊಟ, ನಿದ್ದೆ ಕೇಳಿ. "ಅಮ್ಮಾ, ಸಾಕಾಗಿದೆ" ಎಂದರೆ ಸಾಲದ ಕಂತು ನೆನಪಿಸಬೇಡಿ, ಪೂರ್ತಿ ಕೇಳಿಸಿಕೊಳ್ಳಿ. ಬದುಕೇ ಬೇಡ ಎಂಬ ಮಾತು ಬಂದರೆ ಒಂಟಿಯಾಗಿ ಬಿಡದೆ ಕೂಡಲೇ ಹೊರಡಿ. ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೂ ಮಾಡಬಹುದು, ನೀವೂ ಮಾಡಬಹುದು.

ಇನ್ನು ರೋಗಿಯ ಜೊತೆ ಆಸ್ಪತ್ರೆಯಲ್ಲಿದ್ದಾಗ, ಸರಿಯಾಗಿ ನೋಡಲಿಲ್ಲ ಅನ್ನಿಸಿದರೆ ಕೂಗಾಡದೆ, ಸಂಕೋಚವನ್ನೂ ಪಡದೆ "ಡಾಕ್ಟ್ರೇ, ಹೊಟ್ಟೆ ಒಂದ್ಸಲ ಮುಟ್ಟಿ ನೋಡ್ತೀರಾ?" ಎಂದು ಕೇಳಿ.