ಸದ್ದೇ ಮಾಡದ ಎಂಜಿನ್ ಬಿಚ್ಚಿಸಬೇಕೆ?

ನಿಮ್ಮ ಡೀಸೆಲ್ ಸ್ವಿಫ್ಟ್ 2.40 ಲಕ್ಷ ಕಿ.ಮೀ. ಓಡಿದೆ, ಗ್ಯಾರೇಜಿನವರು ‘ಮುಂಜಾಗ್ರತೆಗೆ ಬೇರಿಂಗ್ ಬದಲಿಸಿಬಿಡೋಣ’ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಕಿಲೋಮೀಟರ್ ಒಂದನ್ನೇ ನೋಡಿ ಒಪ್ಪಬೇಡಿ. ತಿರುಗುವ ಕ್ರ್ಯಾಂಕ್ ಬೇರಿಂಗಿಗೆ ತಾಗದಂತೆ ನಡುವೆ ಆಯಿಲಿನ ತೆಳು ಪೊರೆಯಿರುತ್ತದೆ. ಹೊತ್ತುಹೊತ್ತಿಗೆ ಆಯಿಲ್ ಬದಲಿಸಿದ ಎಂಜಿನ್ನಿನಲ್ಲಿ ಬೇರಿಂಗ್ ಇದಕ್ಕಿಂತ ಹೆಚ್ಚು ಬಾಳಿದ್ದುಂಟು.

ಮೊದಲು ಆಯಿಲ್ ಪ್ರೆಶರ್ ಅಳೆಸಿ. ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನೆಚ್ಚಬೇಡಿ, ಅದು ಹೊತ್ತಿಕೊಳ್ಳುವುದೇ ಒತ್ತಡ ತೀರಾ ಕುಸಿದ ಮೇಲೆ. ಪ್ರೆಶರ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಮೀಟರ್ ಕೂರಿಸಬೇಕು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲಿನಲ್ಲೂ ರೇಸ್ ಮಾಡಿದಾಗಲೂ ಬಂದ ಅಂಕಿಯನ್ನು ಸರ್ವಿಸ್ ಕೈಪಿಡಿಗೆ ಹೋಲಿಸಬೇಕು. ಆಮೇಲೆ ಹಳೆಯ ಆಯಿಲ್ ಫಿಲ್ಟರಿನ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದು ಬಿಡಿಸಿ ನೋಡಿ. ಅಯಸ್ಕಾಂತಕ್ಕೆ ಅಂಟದ ಬೆಳ್ಳಿ ಅಥವಾ ತಾಮ್ರದ ಬಣ್ಣದ ಚೂರುಗಳು ಮಿನುಗಿದರೆ ಬೇರಿಂಗ್ ಸವೆಯುತ್ತಿರುವ ಶಂಕೆ ಬಲವಾಗುತ್ತದೆ.

ಎರಡೂ ಸರಿಯಿದ್ದರೆ ಎಂಜಿನ್ ಮುಟ್ಟಿಸಬೇಡಿ. ಪ್ರೆಶರ್ ಕಡಿಮೆ ಬಂದರೂ ಆಯಿಲ್ ಪಂಪ್, ಆಯಿಲ್ ಚೇಂಬರಿನೊಳಗಿನ ಜಾಲರಿ ಪರೀಕ್ಷಿಸದೆ ತೀರ್ಮಾನಿಸುವುದು ತಪ್ಪು.

ಆದರೆ ಆಕ್ಸಿಲರೇಟರ್ ಒತ್ತಿದಂತೆಲ್ಲ ಕೆಳಗಿನಿಂದ ಗಡಸಾದ ‘ಟಕ್ ಟಕ್’ ಬಡಿತ ಏರತೊಡಗಿದರೆ ಗಾಡಿ ಅಲ್ಲೇ ನಿಲ್ಲಿಸಿ, ಟೋ ಮಾಡಿಸಿ. ಆಗ ಹೊಸ ಬೇರಿಂಗ್ ಹಾಕಿದರಷ್ಟೇ ಸಾಲದು. ಕ್ರ್ಯಾಂಕಿನಲ್ಲಿ ಉಗುರಿಗೆ ಸಿಗುವಂಥ ಗೀರು ಬಿದ್ದಿದ್ದರೆ ಗ್ರೈಂಡಿಂಗ್ ಮಾಡಿಸಿ, ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗ್ ಕೂರಿಸಬೇಕು, ಇಲ್ಲವೇ ಕ್ರ್ಯಾಂಕನ್ನೇ ಬದಲಿಸಬೇಕು. ಖರ್ಚು ಕಾರಿನ ಮಾರಾಟ ಬೆಲೆಯ ಅರ್ಧ ದಾಟುವಂತಿದ್ದರೆ ರಿಪೇರಿಗೆ ಇಳಿಯಬೇಡಿ.

ಮಂದ ಆಯಿಲ್ ಸುರಿದು ಸದ್ದಡಗಿಸುವ ಸಲಹೆಗೆ ಮಾತ್ರ ದಯವಿಟ್ಟು ಕಿವಿಗೊಡಬೇಡಿ.